‘ಆಯಿತು’ ಎಂದರೆ ಏನಾಯಿತು?

ಪ್ರಶ್ನೆ: ನಾನು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿ. ಕಳೆದ ಸೆಮಿಸ್ಟರ್‌ನಲ್ಲಿ ಐದು ಜನ ಸೇರಿ ಒಂದು ಸಾಫ್ಟ್‌ವೇರ್ ಪ್ರಾಜೆಕ್ಟ್ ಮಾಡಿದೆವು. ಹೆಸರಿಗಷ್ಟೇ ಐದು ಜನ. ಒಬ್ಬ ಮೂರನೆಯ ವಾರದಿಂದ ಸಂದೇಶಗಳಿಗೆ ಉತ್ತರಿಸುವುದನ್ನೇ ನಿಲ್ಲಿಸಿದ. ಇನ್ನೊಬ್ಬಳು ಕೇಳಿದಾಗಲೆಲ್ಲ ‘ಆಯಿತು, ಆಯಿತು’ ಎನ್ನುತ್ತಿದ್ದಳು. ಡೆಮೊಗೆ ಎರಡು ದಿನ ಇರುವಾಗ ನೋಡಿದರೆ ಏನೂ ಆಗಿರಲಿಲ್ಲ. ಮತ್ತೊಬ್ಬ ವರದಿ ಬರೆಯುತ್ತೇನೆಂದು ಹೇಳಿ ಕೊನೆಯವರೆಗೂ ಸುಮ್ಮನೆ ಕುಳಿತ. ಎರಡು ರಾತ್ರಿ ನಿದ್ದೆಗೆಟ್ಟು ಅವರೆಲ್ಲರ ಭಾಗವನ್ನೂ ನಾನೇ ಬರೆದೆ. ಅಂಕ ಮಾತ್ರ ಐವರಿಗೂ ಒಂದೇ. ಈಗ ಹೊಸ ತಂಡ, ಹೊಸ ಪ್ರಾಜೆಕ್ಟ್, 14 ವಾರಗಳ ಅವಧಿ. ಮೊದಲ ಸಭೆಯಲ್ಲೇ ಯಾರಿಂದ ಏನು ನಿರೀಕ್ಷೆ ಎಂಬುದನ್ನು ಸ್ಪಷ್ಟಪಡಿಸಬೇಕೆಂದಿದ್ದೇನೆ. ಯಜಮಾನಿಕೆ ಮಾಡುತ್ತಿದ್ದಾನೆ ಎಂದು ಅನ್ನಿಸಿಕೊಳ್ಳದೆ ಇದನ್ನು ಹೇಗೆ ಮಾಡುವುದು? ಕರಾರು ಬರೆದುಕೊಳ್ಳಬೇಕೇ? ಯಾರು ಎಷ್ಟು ಕೆಲಸ ಮಾಡಿದರೆಂದು ಕಮಿಟ್ (ಕೋಡ್‌ನಲ್ಲಿ ಮಾಡಿದ ಬದಲಾವಣೆಯ ಒಂದೊಂದು ದಾಖಲೆ) ಎಣಿಸಿ ತೋರಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂವರ ತಪ್ಪುಗಳಿವೆ. ನಾಲ್ಕನೆಯದೊಂದು ತಪ್ಪೂ ಇದೆ; ಅದನ್ನು ನೀವು ತ್ಯಾಗದ ಲೆಕ್ಕಕ್ಕೆ ಬರೆದುಕೊಂಡಿದ್ದೀರಿ. ಆ ಎರಡು ರಾತ್ರಿಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ‘ಆಯಿತು’ ಎಂಬ ಪದವನ್ನು ನೋಡೋಣ. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳನ್ನು ಕೆಡಿಸುವುದರಲ್ಲಿ ಅದನ್ನು ಮೀರಿಸಿದ ಪದವನ್ನು ನಾನು ಕಂಡಿಲ್ಲ.

‘ಲಾಗಿನ್ ಪುಟ ಮಾಡಿಬಿಡು’ ಎಂದರೆ ‘ಆಯಿತು’ ಎನ್ನುತ್ತಾರೆ. ಒಪ್ಪಿದ್ದೇನೆ ಎಂದು ಅರ್ಥ. ವಾರ ಬಿಟ್ಟು ‘ಲಾಗಿನ್ ಪುಟ ಏನಾಯಿತು?’ ಎಂದು ಕೇಳಿದರೂ ಉತ್ತರ ‘ಆಯಿತು’. ಈಗ ಅದಕ್ಕೆ ಮುಗಿದಿದೆ ಎಂಬ ಅರ್ಥ. ಒಪ್ಪಿಗೆಗೂ ಮುಕ್ತಾಯಕ್ಕೂ ಒಂದೇ ಪದವಿರುವುದು ಕನ್ನಡದ ಸೊಗಸು ಇರಬಹುದು, ಪ್ರಾಜೆಕ್ಟ್‌ಗೆ ಮಾತ್ರ ಅದು ಕಂಟಕ. ಸಾಲದ್ದಕ್ಕೆ ಮುಗಿದಿದೆ ಎಂಬ ‘ಆಯಿತು’ವಿನೊಳಗೂ ನಾಲ್ಕಾರು ಬಗೆಗಳಿವೆ.

ನಾನು ಗೈಡ್ ಆಗಿದ್ದ ಒಂದು ತಂಡದಲ್ಲಿ ಹುಡುಗನೊಬ್ಬ ಲಾಗಿನ್ ಆಯಿತು ಎಂದು ಮೂರು ವಾರ ಹೇಳಿದ. ಸುಳ್ಳು ಹೇಳುವ ಪೈಕಿಯವನಲ್ಲ. ಒಂದು ದಿನ ಅವನ ಲ್ಯಾಪ್‌ಟಾಪ್ ಪಕ್ಕದಲ್ಲಿ ಕುಳಿತೆ. ಪುಟ ತೆರೆಯಿತು. ಎರಡು ಖಾನೆ, ಒಂದು ಗುಂಡಿ, ಬಣ್ಣವೂ ಚೆನ್ನಾಗಿತ್ತು. ಅವನು ಹೆಸರು, ಪಾಸ್‌ವರ್ಡ್ ಹಾಕಿ ಗುಂಡಿ ಒತ್ತಿದ. ಮುಂದಿನ ಪುಟ ಬಂತು. ನಾನು ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ ಒತ್ತಿದೆ. ಆಗಲೂ ಮುಂದಿನ ಪುಟ ಬಂತು. ‘ಡೇಟಾಬೇಸ್ ಸಿಗುವವರೆಗೆ ಹಾಗೆ ಬಿಟ್ಟಿದ್ದೇನೆ ಸರ್’ ಎಂದ. ಡೇಟಾಬೇಸ್ ಯಾರ ಕೆಲಸ? ಎದುರಿಗೇ ಕುಳಿತಿದ್ದವಳದು. ಅವಳ ವಾರದ ವರದಿಯಲ್ಲೂ ‘ಆಯಿತು’ ಎಂದೇ ಇತ್ತು: ಟೇಬಲ್‌ಗಳ ನಕ್ಷೆಯನ್ನು ನೋಟ್‌ಬುಕ್‌ನಲ್ಲಿ ಅಚ್ಚುಕಟ್ಟಾಗಿ ಬರೆದು ಮುಗಿಸಿದ್ದಳು. ಲಾಗಿನ್‌ಗೆ ಯಾವ ಯಾವ ಅಂಕಣ ಬೇಕೆಂದು ಅವನು ಹೇಳಲಿ ಎಂದು ಕಾಯುತ್ತಿದ್ದಳು. ಇಬ್ಬರೂ ನಿಜವನ್ನೇ ಹೇಳಿದ್ದರು. ಮೂರು ವಾರ ಹೋಗಿತ್ತು.

ಆದ್ದರಿಂದ ಮೊದಲ ಸಭೆಯಲ್ಲಿ ಶಿಸ್ತು, ನಿಷ್ಠೆ, ಜವಾಬ್ದಾರಿಗಳ ಮಾತನ್ನೆಲ್ಲ ಪಕ್ಕಕ್ಕಿಟ್ಟು ಈ ಒಂದು ಪದದ ಅರ್ಥವನ್ನು ಐವರೂ ಸೇರಿ ಬರೆಯಿರಿ. ಸಾಫ್ಟ್‌ವೇರ್ ತಂಡಗಳು ಬಳಸುವ ಸ್ಕ್ರಮ್ ಎಂಬ ಕೆಲಸದ ಪದ್ಧತಿಯಲ್ಲಿ ಇದಕ್ಕೆ ‘ಡೆಫಿನಿಷನ್ ಆಫ್ ಡನ್’ (ಮುಗಿದಿದೆ ಎಂಬುದರ ವ್ಯಾಖ್ಯೆ) ಎಂಬ ಹೆಸರೇ ಇದೆ. ವಿದ್ಯಾರ್ಥಿ ತಂಡಕ್ಕೆ ನಾನು ಹೇಳುವ ಅರ್ಥ ಇಷ್ಟು: ಕೋಡ್ ಮುಖ್ಯ ಬ್ರಾಂಚ್‌ಗೆ, ಅಂದರೆ ಎಲ್ಲರೂ ಹಂಚಿಕೊಳ್ಳುವ ಮೂಲ ಪ್ರತಿಗೆ, ಮರ್ಜ್ ಆಗಿರಬೇಕು (ಸೇರಿರಬೇಕು), ಬರೆದವರಲ್ಲದ ಇನ್ನೊಬ್ಬರು ಅದನ್ನು ತಮ್ಮ ಯಂತ್ರದಲ್ಲಿ ಓಡಿಸಿ ನೋಡಿರಬೇಕು, ಸರಿಯಾದ ಇನ್‌ಪುಟ್ ಜೊತೆಗೆ ಕನಿಷ್ಠ ಒಂದು ತಪ್ಪು ಇನ್‌ಪುಟ್ ಕೊಟ್ಟು ಪರೀಕ್ಷಿಸಿರಬೇಕು, ಓಡಿಸುವುದಕ್ಕೆ ಹೊಸದಾಗಿ ಏನಾದರೂ ಬೇಕಾಗಿದ್ದರೆ ಪ್ರಾಜೆಕ್ಟ್‌ನ ಬಳಕೆ ವಿವರಿಸುವ ರೀಡ್‌ಮಿ ಕಡತದಲ್ಲಿ ಅದರ ಒಂದು ಸಾಲು ಇರಬೇಕು. ಇಷ್ಟೂ ಇದ್ದರೆ ‘ಆಯಿತು’. ಇಲ್ಲದಿದ್ದರೆ ‘ನಡೆಯುತ್ತಿದೆ’. ಕೆಲಸ ಒಪ್ಪಿಕೊಳ್ಳುವಾಗ ‘ಒಪ್ಪಿದೆ’ ಎನ್ನಿ. ಹುಡುಗಾಟದಂತೆ ಕಾಣಬಹುದು, ಎರಡನೆಯ ವಾರಕ್ಕೆ ರೂಢಿಯಾಗುತ್ತದೆ.

ಇದೇ ಅಳತೆಗೋಲನ್ನು ಉಳಿದ ನಿರೀಕ್ಷೆಗಳಿಗೂ ಹಿಡಿಯಿರಿ. ‘ಎಲ್ಲರೂ ಸಮನಾಗಿ ಕೆಲಸ ಮಾಡೋಣ’, ‘ಸಮಯಕ್ಕೆ ಸರಿಯಾಗಿ ಮುಗಿಸೋಣ’ ಎಂಬ ಮಾತುಗಳಿಗೆ ಯಾರೂ ಎದುರಾಡುವುದಿಲ್ಲ. ಯಾರೂ ಎದುರಾಡದ ಮಾತಿನಿಂದ ಯಾರೂ ಯಾವುದಕ್ಕೂ ಬದ್ಧರಾಗುವುದಿಲ್ಲ, ಮೂಗಿಗೆ ತುಪ್ಪ ಸವರಿದಂತಾಗುತ್ತದೆ ಅಷ್ಟೆ. ಬರೆದ ಸಾಲನ್ನು ಇಟ್ಟುಕೊಂಡು ‘ಮುಂದಿನ ಗುರುವಾರ ರಾತ್ರಿ 9 ಗಂಟೆಗೆ ಇದು ನಡೆದಿದೆಯೋ ಇಲ್ಲವೋ ಎಂದು ಹೊರಗಿನವರೊಬ್ಬರು ಕಣ್ಣಿನಿಂದ ನೋಡಿ ಹೇಳಬಲ್ಲರೇ?’ ಎಂದು ಕೇಳಿಕೊಳ್ಳಿ. ಹೇಳಬಲ್ಲರೆಂದರೆ ಇಟ್ಟುಕೊಳ್ಳಿ. ಇಲ್ಲವಾದರೆ ಅಳಿಸಿ.

ಆದರೆ ಕಲಂಗಳಿಗೆ ಕೈ ಹಾಕುವ ಮುನ್ನ ಇನ್ನೊಂದು ಮಾತುಕತೆ ಆಗಬೇಕು. ಅದನ್ನು ಎಲ್ಲ ತಂಡಗಳೂ ತಪ್ಪಿಸಿಕೊಳ್ಳುತ್ತವೆ, ಯಾಕೆಂದರೆ ಅದು ಸ್ವಲ್ಪ ಮುಜುಗರದ್ದು: ಈ ಪ್ರಾಜೆಕ್ಟ್‌ನಿಂದ ಯಾರಿಗೆ ಏನು ಬೇಕು? ನಿಮಗೆ ತರಗತಿಯಲ್ಲೇ ಮೊದಲ ದರ್ಜೆಯ ಅಂಕ ಬೇಕಿರಬಹುದು. ಪಕ್ಕದವನಿಗೆ ಪಾಸಾದರೆ ಸಾಕು, ಅವನ ಮನಸ್ಸೆಲ್ಲ ಬೇರೆ ವಿಷಯದಲ್ಲಿದೆ. ಇನ್ನೊಬ್ಬಳು ಸಂಜೆ ಕೆಲಸಕ್ಕೆ ಹೋಗುತ್ತಾಳೆ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ಹದಿನಾಲ್ಕು ವಾರವೂ ಹೋಗುತ್ತದೆ. ಎಳೆದಾಡಿದ ಸುಸ್ತನ್ನು ಎಲ್ಲರೂ ಕೆಲಸ ಮಾಡಿದ ಸುಸ್ತು ಎಂದುಕೊಳ್ಳುತ್ತಾರೆ.

ಮಹತ್ವಾಕಾಂಕ್ಷೆಯ ಬಗ್ಗೆ ಉಪದೇಶ ಮಾಡಬೇಡಿ. ಗಂಟೆ ಕೇಳಿ. ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಕೊಡಬಲ್ಲೆ, ಯಾವ ವಾರ ಕೊಡಲಾರೆ ಎಂದು ಪ್ರತಿಯೊಬ್ಬರೂ ಬರೆಯಲಿ. ಇಬ್ಬರು ತಲಾ 8 ಗಂಟೆ, ಇಬ್ಬರು ತಲಾ 5, ಒಬ್ಬರು 3 ಎಂದು ಬರೆದರೆನ್ನಿ. ವಾರಕ್ಕೆ 29 ಗಂಟೆ. 14 ವಾರದಲ್ಲಿ ಪರೀಕ್ಷೆಗಳಿಗೆ ಎರಡು, ಡೆಮೊ ತಯಾರಿಗೆ ಒಂದು ಕಳೆದರೆ 11 ವಾರ. ಒಟ್ಟು 319 ಗಂಟೆ. ವಾರಕ್ಕೊಂದು ಗಂಟೆಯ ಸಭೆಯೇ ಐವರಿಂದ 55 ಗಂಟೆ ತಿನ್ನುತ್ತದೆ. ಉಳಿದದ್ದು 264. ಈಗ ನಿಮ್ಮ ಪ್ರಸ್ತಾವವನ್ನು ಎದುರಿಗಿಟ್ಟುಕೊಂಡು ನೋಡಿ: ಮೊಬೈಲ್ ಆ್ಯಪ್, ವೆಬ್ ಪುಟ, ಆಡಳಿತ ವಿಭಾಗ, ಮೇಲಿಂದ ಒಂದಿಷ್ಟು ಯಂತ್ರಕಲಿಕೆ, ಇವೆಲ್ಲ 264 ಗಂಟೆಯಲ್ಲಿ ಹಿಡಿಸುತ್ತವೆಯೇ? ಹಿಡಿಸುವುದಿಲ್ಲ. ಅರ್ಧ ಜಗಳಗಳ ಬೇರು ಸೋಮಾರಿತನದಲ್ಲಿರುವುದಿಲ್ಲ, ಈ ಕೂಡುವ ಕಳೆಯುವ ಲೆಕ್ಕವನ್ನು ಯಾರೂ ಮಾಡದಿರುವುದರಲ್ಲಿರುತ್ತದೆ.

3 ಗಂಟೆ ಎಂದು ಬರೆದವರ ಮೇಲೆ ಸಿಟ್ಟಾಗಬೇಡಿ. ಮೊದಲೇ ಹೇಳಿ 3 ಗಂಟೆ ಕೊಡುವವರು, 8 ಎಂದು ಹೇಳಿ ಒಂದೂ ಕೊಡದವರಿಗಿಂತ ಎಷ್ಟೋ ಮೇಲು. ಅವರಿಗೆ 3 ಗಂಟೆಯ ಕೆಲಸ ಕೊಡಿ, ಕೊನೆಯಲ್ಲಿ ಪರಸ್ಪರ ಮೌಲ್ಯಮಾಪನ ಇದ್ದರೆ ಅಲ್ಲಿ ಹಾಗೆಯೇ ಬರೆಯುತ್ತೇವೆ ಎಂದು ಅಂದೇ ಹೇಳಿಬಿಡಿ.

ಗಂಟೆಗಳ ಅಂದಾಜನ್ನೂ ಪೂರ್ತಿ ನಂಬಬೇಡಿ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಅದು ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದರು. ಸರಾಸರಿ ಅಂದಾಜು 33.9 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಎಂದು ಕೇಳಿದ್ದಕ್ಕೆ 48.6 ದಿನ ಎಂದರು. ನಿಜಕ್ಕೂ ಹಿಡಿದದ್ದು 55.5 ದಿನ. ಅತಿ ಕೆಟ್ಟ ಅಂದಾಜೂ ಸಾಲಲಿಲ್ಲ! ನಾನು ಇದರಿಂದ ಕಲಿತದ್ದು ಒಂದು ಒರಟು ಪಾಠ: ಡೆಮೊ 14ನೆಯ ವಾರದಲ್ಲಿದ್ದರೆ ಹೊಸ ಕೆಲಸ ಸೇರಿಸುವುದನ್ನು 10ನೆಯ ವಾರಕ್ಕೆ ನಿಲ್ಲಿಸುತ್ತೇವೆ ಎಂದು ಬರೆದಿಡಿ. ಹೇಗೂ 12ಕ್ಕೆ ಎಳೆಯುತ್ತದೆ.

ಇನ್ನು ಕೆಲಸ ಹಂಚುವ ಬಗೆ. ನಿಮ್ಮ ಹಳೆಯ ತಂಡದಲ್ಲಿ ‘ವರದಿ ಬರೆಯುತ್ತೇನೆ’ ಎಂದ ಹುಡುಗನ ಮೇಲೆ ನನಗೆ ಸ್ವಲ್ಪ ಅನುಕಂಪವಿದೆ. ನೀನು ಪುಟಗಳ ವಿನ್ಯಾಸ, ನೀನು ಡೇಟಾಬೇಸ್, ನೀನು ಸರ್ವರ್, ನೀನು ವರದಿ ಎಂದು ಹಂಚಿದಾಗ ವರದಿಯವನಿಗೆ 12ನೆಯ ವಾರದವರೆಗೆ ಕೆಲಸವೇ ಇರುವುದಿಲ್ಲ. ಬರೆಯುವುದಕ್ಕೆ ಏನಾದರೂ ನಡೆದಿರಬೇಕಲ್ಲ? ಅವನು ಸಭೆಗಳಿಗೆ ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಬಂದು ಹೋಗುತ್ತಾನೆ, ಕೋಡ್ ಅರ್ಥವಾಗುವುದು ನಿಲ್ಲುತ್ತದೆ, ಕೊನೆಗೆ ಮೌಖಿಕ ಪರೀಕ್ಷೆಯಲ್ಲಿ ಎಡವುತ್ತಾನೆ. ಈ ಹಂಚಿಕೆಯೇ ಅವನನ್ನು ಹೊರಗಿಟ್ಟಿತು.

ಫ್ರಾನ್ಸ್‌ನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗಗಳು ಇಲ್ಲಿ ನೆನಪಿಗೆ ಬರುತ್ತವೆ. ಜನ ಹೆಚ್ಚಿದಂತೆ ಒಬ್ಬೊಬ್ಬರೂ ಹಾಕುವ ಬಲ ಕಡಿಮೆಯಾಗುತ್ತ ಹೋಗಿ, ಎಂಟು ಜನ ಸೇರಿದಾಗ ತಲಾ ಬಲ ಸುಮಾರು ಅರ್ಧಕ್ಕೆ ಇಳಿದಿತ್ತು. 1979ರಲ್ಲಿ ಮನಶ್ಶಾಸ್ತ್ರಜ್ಞ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ತಟ್ಟಿಸಿ, ಕೂಗಿಸಿ ಇದನ್ನೇ ಮತ್ತೆ ಕಂಡರು. ಹೆಚ್ಚು ಉಪಯುಕ್ತವಾದದ್ದು ಅವರೇ 1981ರಲ್ಲಿ ತೋರಿಸಿದ್ದು: ತಾನೆಷ್ಟು ಕೂಗಿದೆನೆಂದು ಬೇರೆಯಾಗಿ ಗೊತ್ತಾಗುತ್ತದೆ ಎಂದು ತಿಳಿದಾಗ ಜನ ಗುಂಪಿನಲ್ಲೂ ಪೂರ್ತಿ ಗಂಟಲು ಬಿಟ್ಟು ಕೂಗಿದರು. ಅಂದರೆ ನಿಮ್ಮ ಗೆಳೆಯರು ಹುಟ್ಟು ಸೋಮಾರಿಗಳೇ ಆಗಿರಬೇಕಿಲ್ಲ. ತಮ್ಮ ಪಾಲು ಕಾಣದ ಜಾಗದಲ್ಲಿ ನಿಲ್ಲಿಸಿದರೆ ನೀವೂ ನಾನೂ ಸಡಿಲ ಬಿಡುತ್ತೇವೆ.

ಹಾಗಾಗಿ ಪದರ ಪದರವಾಗಿ ಹಂಚಬೇಡಿ, ಸೌಲಭ್ಯಗಳಾಗಿ ಹಂಚಿ. ‘ಬಳಕೆದಾರರ ನೋಂದಣಿ’ ಒಬ್ಬರದು: ಪುಟವೂ ಅವರೇ, ಅದರ ಹಿಂದಿನ ಕೋಡೂ ಅವರೇ, ಟೇಬಲ್ಲೂ ಅವರೇ, ವರದಿಯಲ್ಲಿ ಆ ಭಾಗದ ಎರಡು ಪುಟವೂ ಅವರೇ. ‘ಹುಡುಕಾಟ’ ಇನ್ನೊಬ್ಬರದು. ಯಾರ ಪಾಲು ಯಾವುದೆಂದು ಆ್ಯಪ್ ತೆರೆದರೇ ಕಾಣುತ್ತದೆ. ಕಾಯುವುದೂ ಕಡಿಮೆಯಾಗುತ್ತದೆ. ಐದು ಜನರ ನಡುವೆ ಹತ್ತು ಜೋಡಿ ಸಂಪರ್ಕಗಳಿವೆ, ಆರು ಜನರಾದರೆ ಹದಿನೈದು. ಒಂದು ಲಾಗಿನ್ ಪುಟಕ್ಕೆ ಮೂವರು ಒಬ್ಬರ ಮುಖ ಒಬ್ಬರು ನೋಡುವಂತಿದ್ದರೆ ಆ ಜೋಡಿಗಳಲ್ಲೇ ವಾರ ಕಳೆಯುತ್ತದೆ. ವಿನ್ಯಾಸ ಬಾರದವರಿಗೆ ವಿನ್ಯಾಸ ಬರುವವರು ಒಂದು ಗಂಟೆ ಕುಳಿತು ಹೇಳಿಕೊಡಲಿ. ಅದೂ ಕೆಲಸವೇ, ಗಂಟೆಗಳ ಲೆಕ್ಕದಲ್ಲಿ ಬರೆದುಕೊಳ್ಳಿ.

ಕರಾರು ಬೇಕೇ ಎಂದು ಕೇಳಿದ್ದೀರಿ. ಬರೆಯಿರಿ, ಆದರೆ ಒಂದು ಪುಟ ಮೀರಬೇಡಿ, ‘ಕರಾರು’ ಎಂದು ಕರೆಯಬೇಡಿ. ‘ನಾವು ಹೀಗೆ ಕೆಲಸ ಮಾಡುತ್ತೇವೆ’ ಎಂಬ ತಲೆಬರಹ ಸಾಕು. ವಾಟ್ಸ್‌ಆಪ್‌ನಲ್ಲಿ ಹಾಕಿದರೆ ಮೂರು ದಿನದಲ್ಲಿ ಶುಭಾಶಯಗಳಡಿ ಹೂತುಹೋಗುತ್ತದೆ. ಕೋಡ್ ಇರುವ ರೆಪಾಸಿಟರಿಯಲ್ಲೇ ಒಂದು ಕಡತವಾಗಿ ಇಡಿ. ಒಂದು ತಂಡದ್ದು ನನಗೆ ಇಷ್ಟವಾಗಿತ್ತು, ಅದು ಹೆಚ್ಚುಕಡಿಮೆ ಹೀಗಿತ್ತು:

“ಮಂಗಳವಾರ ಸಂಜೆ 6ಕ್ಕೆ ಸೇರುತ್ತೇವೆ, 40 ನಿಮಿಷ. ಬರಲಾಗದವರು ಅಂದು ಮಧ್ಯಾಹ್ನದೊಳಗೆ ತಿಳಿಸಿ, ತಮ್ಮ ಕೆಲಸ ಎಲ್ಲಿಗೆ ಬಂದಿದೆ ಎಂದು ಮೂರು ಸಾಲು ಬರೆಯುತ್ತಾರೆ. ಹೆಸರು ಹಾಕಿ ಕೇಳಿದ ಸಂದೇಶಕ್ಕೆ 24 ಗಂಟೆಯೊಳಗೆ ಉತ್ತರಿಸುತ್ತೇವೆ. ‘ನೋಡಿದೆ, ನಾಳೆ ಹೇಳುತ್ತೇನೆ’ ಎಂಬುದೂ ಉತ್ತರವೇ. ಯಾವ ಕೆಲಸವೂ ಒಂದು ವಾರಕ್ಕಿಂತ ದೊಡ್ಡದಿರುವುದಿಲ್ಲ. ಎರಡು ಗಂಟೆ ಒದ್ದಾಡಿದರೂ ದಾರಿ ಕಾಣದಿದ್ದರೆ ಗುಂಪಿನಲ್ಲಿ ಕೇಳುತ್ತೇವೆ, ಅದಕ್ಕೆ ಯಾರೂ ನಗುವುದಿಲ್ಲ. ತಡವಾಗುತ್ತದೆ ಎಂದು ಗಡುವಿಗೆ ಒಂದು ದಿನ ಮೊದಲು ಹೇಳಿದರೆ ಅದು ತಪ್ಪಲ್ಲ. ಗಡುವು ದಾಟಿದ ಮೇಲೆ ತಿಳಿದುಬಂದರೆ ತಪ್ಪು. ಇನ್ನೊಬ್ಬರ ಕೋಡನ್ನು ಅವರಿಗೆ ಹೇಳದೆ ಬದಲಿಸುವುದಿಲ್ಲ. ಒಬ್ಬರದೇ ಗಡುವು ಸತತ ಎರಡು ವಾರ ತಪ್ಪಿದರೆ ಇಬ್ಬರು ಹೋಗಿ ಮಾತನಾಡುತ್ತಾರೆ, ಮೂರನೆಯ ವಾರ ಎಲ್ಲರೂ ಸೇರಿ ಗೈಡ್ ಬಳಿ ಹೋಗುತ್ತೇವೆ, ಗಡುವು ತಪ್ಪಿಸಿದವರೂ ನಮ್ಮ ಜೊತೆಗೇ ಬರುತ್ತಾರೆ.”

ಗಡುವು ತಪ್ಪುವುದಕ್ಕೂ ಹೇಳದೆ ತಪ್ಪುವುದಕ್ಕೂ ಅವರು ಮಾಡಿದ ವ್ಯತ್ಯಾಸವನ್ನು ಗಮನಿಸಿ. ಇಡೀ ಪುಟದ ಜೀವ ಅಲ್ಲಿದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಸಾಫ್ಟ್‌ವೇರ್ ಪ್ರಾಜೆಕ್ಟ್‌ನಲ್ಲಿ ಆ ಬಂಗಾರಕ್ಕೆ ತುಕ್ಕು ಹಿಡಿಯುತ್ತದೆ. ಮೂರನೆಯ ವಾರದಿಂದ ಮೌನವಾದ ನಿಮ್ಮ ಗೆಳೆಯ ಎರಡನೆಯ ವಾರದಲ್ಲಿ ಏನು ಮಾಡುತ್ತಿದ್ದ ಎಂದು ನಿಮಗೆ ಗೊತ್ತೇ? ನಾನು ಕಂಡ ಮೌನಿಗಳಲ್ಲಿ ಹೆಚ್ಚಿನವರು ಎಲ್ಲೋ ಸಿಕ್ಕಿಹಾಕಿಕೊಂಡವರು: ಯಾವುದೋ ತಂತ್ರಾಂಶ ಇನ್‌ಸ್ಟಾಲ್ ಆಗಿರುವುದಿಲ್ಲ, ಕೇಳಲು ನಾಚಿಕೆ, ಒಂದು ವಾರ ಕಳೆದ ಮೇಲೆ ಕೇಳಿದರೆ ‘ಇಷ್ಟು ದಿನ ಏನು ಮಾಡುತ್ತಿದ್ದೆ?’ ಎನ್ನುತ್ತಾರೆಂಬ ಭಯ. ಎರಡು ವಾರವಾದರೆ ಮುಖ ತೋರಿಸುವುದೇ ಕಷ್ಟ. ನಿಜವಾದ ಕಳ್ಳಬೀಳುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹೊರಗಿನಿಂದ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ‘ಎರಡು ಗಂಟೆ ಒದ್ದಾಡಿದರೆ ಕೇಳು’ ಎಂಬ ಸಾಲು ಇವರಿಬ್ಬರನ್ನು ಬೇರೆ ಮಾಡಿ ತೋರಿಸುತ್ತದೆ.

ಈಗ ನಿಮ್ಮ ಎರಡು ರಾತ್ರಿಗಳು.

ಇನ್ನೊಂದು ತಂಡ, ನಾಲ್ವರು. ಅದರಲ್ಲೊಬ್ಬಳು ಪುಸ್ತಕಗಳ ಪಟ್ಟಿ ತೋರಿಸುವ ಪುಟವನ್ನು ಬರೆದಳು. ಹೊಸ ಭಾಷೆ, ಆರು ದಿನ ಹಿಡಿಯಿತು. ಭಾನುವಾರ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಕಮಿಟ್ ಮಾಡಿ ಮಲಗಿದಳು. ಕೋಡ್ ಅಷ್ಟೇನೂ ಚೆನ್ನಾಗಿರಲಿಲ್ಲ, ನಾನೂ ನೋಡಿದ್ದೇನೆ. ಒಂದೇ ಕೆಲಸವನ್ನು ಮೂರು ಕಡೆ ಬರೆದಿದ್ದಳು, ಆದರೆ ನಡೆಯುತ್ತಿತ್ತು. ಅದೇ ರಾತ್ರಿ 2 ಗಂಟೆ ಸುಮಾರಿಗೆ ತಂಡದ ಬುದ್ಧಿವಂತ ಹುಡುಗ ಅದನ್ನು ತೆರೆದು, ಇದು ಸರಿಯಿಲ್ಲವೆಂದು ಪೂರ್ತಿ ಅಳಿಸಿ ತಾನೇ ಬರೆದ. ಸೋಮವಾರ ಬೆಳಿಗ್ಗೆ ಅವಳು ಕಡತ ತೆರೆದಾಗ ತಾನು ಬರೆದ ಒಂದು ಸಾಲೂ ಅಲ್ಲಿರಲಿಲ್ಲ. ಕಮಿಟ್ ಸಂದೇಶ: ‘ಸರಿಪಡಿಸಿದೆ’. ಅವಳು ಜಗಳವಾಡಲಿಲ್ಲ. ಅದರ ನಂತರ ಏನನ್ನೂ ಬರೆಯಲೂ ಇಲ್ಲ. ಸೆಮಿಸ್ಟರ್ ಕೊನೆಯಲ್ಲಿ ಆ ಹುಡುಗ ನನ್ನ ಬಳಿ ಬಂದು ‘ಸರ್, ಅವಳು ಏನೂ ಕೆಲಸ ಮಾಡಲಿಲ್ಲ’ ಎಂದ. ಅಕ್ಷರಶಃ ನಿಜವನ್ನೇ ಹೇಳಿದ್ದ.

ನೀವು ಮಾಡಿದ್ದು ಇದೇ ಎಂದು ನಾನು ಹೇಳುತ್ತಿಲ್ಲ. ನಿಮ್ಮ ತಂಡದಲ್ಲಿ ಬರೆದದ್ದೇ ಇರಲಿಲ್ಲ ಎಂದಿದ್ದೀರಿ. ಆದರೂ ಆ ಎರಡು ರಾತ್ರಿಗಳಿಂದ ಮೂವರು ಕಲಿತದ್ದೇನು? ಕೊನೆಯಲ್ಲಿ ಯಾರೋ ಒಬ್ಬರು ಮಾಡಿಯೇ ಮಾಡುತ್ತಾರೆ ಎಂದು. ಅವರು ಈಗ ಬೇರೆ ಬೇರೆ ತಂಡಗಳಲ್ಲಿ ಅದೇ ನಂಬಿಕೆಯಿಂದ ಕುಳಿತಿರುತ್ತಾರೆ. ಇನ್ನೊಂದು ವಿಷಯ: ಡೆಮೊಗೆ ಎರಡು ದಿನ ಇರುವಾಗ ಏನೂ ಆಗಿಲ್ಲವೆಂದು ಗೊತ್ತಾಯಿತು ಎಂದರೆ, ಅದಕ್ಕೂ ಹಿಂದಿನ ವಾರಗಳಲ್ಲಿ ಯಾರೂ ತೆರೆದು ನೋಡಿರಲಿಲ್ಲ ಎಂದಾಯಿತು. ನೋಡದವರಲ್ಲಿ ನೀವೂ ಒಬ್ಬರು.

ಅದಕ್ಕಾಗಿ ನಿಯಮಗಳನ್ನು ಕೆಲಸ ಮಾಡದವರಿಗಷ್ಟೇ ಬರೆಯಬೇಡಿ, ಹೆಚ್ಚು ಮಾಡುವವರಿಗೂ ಬರೆಯಿರಿ. ಮುಖ್ಯ ಬ್ರಾಂಚ್‌ಗೆ ಯಾರೂ ನೇರವಾಗಿ ಪುಶ್ ಮಾಡುವಂತಿಲ್ಲ, ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಮರ್ಜ್. ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್‌ನಂಥ ತಾಣಗಳಲ್ಲಿ ಇದನ್ನು ಸೆಟ್ಟಿಂಗ್‌ನಲ್ಲೇ ಕಡ್ಡಾಯ ಮಾಡಬಹುದು. ಆಗ ಯಾರೂ ಯಾರಿಗೂ ಕಾವಲು ಕೂರಬೇಕಿಲ್ಲ. ಓದಿ ಹೇಳುವುದಕ್ಕೆ ಒಂದು ದಿನದ ಗಡುವಿರಲಿ. ಒಂದು ಸಲಕ್ಕೆ ಇನ್ನೂರು ಮುನ್ನೂರು ಸಾಲು ದಾಟದಿರಲಿ, ಸಾವಿರ ಸಾಲು ಬಂದರೆ ಓದುವವರು ಮೇಲೆ ಕೆಳಗೆ ಸರಿಸಿ ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ಕೋಡ್ ಚೆನ್ನಾಗಿಲ್ಲವೆಂದರೆ ಟಿಪ್ಪಣಿ ಬರೆಯಿರಿ, ತಿದ್ದುವುದು ಬರೆದವರೇ. ನೀವು ಮಾಡಿದರೆ ಹತ್ತು ನಿಮಿಷ, ಅವರು ಮಾಡಿದರೆ ಒಂದು ಸಂಜೆ, ಗೊತ್ತು. ಆ ಸಂಜೆಯನ್ನು ಬಿಟ್ಟುಕೊಡುವುದು ನಿಮ್ಮಂಥವರಿಗೆ ಎಲ್ಲಕ್ಕಿಂತ ಕಷ್ಟದ ನಿಯಮ.

ಯಜಮಾನಿಕೆಯ ಮುಜುಗರಕ್ಕೂ ಇಲ್ಲಿಯೇ ಮದ್ದಿದೆ. ಮೊದಲ ಸಭೆಯಲ್ಲಿ ಬೇರೆಯವರಿಂದ ಏನು ಬೇಕೆಂದು ಪಟ್ಟಿ ಓದಬೇಡಿ. ‘ಹೋದ ಸಲ ಕೊನೆಯ ಎರಡು ರಾತ್ರಿ ಎಲ್ಲರ ಕೋಡನ್ನೂ ನಾನೇ ಬರೆದೆ, ಈ ಸಲ ಹಾಗೆ ಮಾಡಬಾರದು ಅಂದುಕೊಂಡಿದ್ದೇನೆ. ನಾನು ಮತ್ತೆ ಶುರು ಮಾಡಿದರೆ ನೀವು ತಡೆಯಬೇಕು’ ಎಂದು ನಿಮ್ಮ ಸಾಲನ್ನು ಮೊದಲು ಬರೆಯಿರಿ. ನಂತರ ಹಾಳೆಯನ್ನು ಪಕ್ಕದವರಿಗೆ ಕೊಡಿ. ಪ್ರತಿಯೊಬ್ಬರೂ ಹಿಂದಿನ ಯಾವುದಾದರೂ ಗುಂಪು ಕೆಲಸದಲ್ಲಿ ತಮಗೆ ಸಿಟ್ಟು ತರಿಸಿದ ಒಂದು ವಿಷಯ, ತಾವೇ ಮಾಡಿದ ಒಂದು ತಪ್ಪು ಬರೆಯಲಿ. ಹತ್ತು ಸಾಲಾಗುತ್ತದೆ. ನಿಮ್ಮ ನಿಯಮಗಳು ಅದರಿಂದಲೇ ಹುಟ್ಟುತ್ತವೆ, ಯಾರೋ ತಂದು ತಲೆಗೆ ಕಟ್ಟಿದಂತೆ ಇರುವುದಿಲ್ಲ. ಸಭೆ ನಡೆಸುವವರು ವಾರವಾರವೂ ಬದಲಾಗಲಿ.

ಕಮಿಟ್ ಎಣಿಸುವುದರ ಬಗ್ಗೆ: ಎಣಿಸಬಹುದು, ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದಲ್ಲಿ ‘ಗಿಟ್ ಶಾರ್ಟ್‌ಲಾಗ್’ ಎಂಬ ಒಂದು ಆದೇಶ ಸಾಕು. ಆದರೆ ಅದರಿಂದ ಏನನ್ನೂ ಸಾಬೀತು ಮಾಡಲು ಹೋಗಬೇಡಿ. ಒಬ್ಬರು ಪ್ರತಿ ಅಲ್ಪವಿರಾಮಕ್ಕೂ ಒಂದು ಕಮಿಟ್ ಮಾಡುತ್ತಾರೆ, ಇನ್ನೊಬ್ಬರು ಇಡೀ ದಿನದ್ದನ್ನು ಒಂದರಲ್ಲಿ ಹಾಕುತ್ತಾರೆ. ಸಾಲು ಎಣಿಸಿದರೆ ಇನ್ನೂ ತಮಾಷೆ: ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡಿದಾಗ ತಾನಾಗಿ ಹುಟ್ಟುವ ಲಾಕ್ ಕಡತವನ್ನು ಕಮಿಟ್ ಮಾಡಿದವರ ಹೆಸರಿಗೆ ಸಾವಿರಾರು ಸಾಲು ಬೀಳುತ್ತವೆ, ಅದರಲ್ಲಿ ಅವರು ಬರೆದದ್ದು ಸೊನ್ನೆ. ಇಬ್ಬರು ಒಂದೇ ಲ್ಯಾಪ್‌ಟಾಪ್ ಮುಂದೆ ಕುಳಿತು ಬರೆದರೆ ಲ್ಯಾಪ್‌ಟಾಪ್ ಯಾರದೋ ಅವರ ಹೆಸರು. ಒಬ್ಬಳೇ ಎರಡು ಇಮೇಲ್ ಬಳಸಿದರೆ ಇಬ್ಬರಾಗಿ ಕಾಣುತ್ತಾಳೆ. ಜೋಡಿಯಾಗಿ ಬರೆದಾಗ ಕಮಿಟ್ ಸಂದೇಶದ ಕೊನೆಯಲ್ಲಿ ‘ಕೋ-ಆಥರ್ಡ್-ಬೈ’ ಎಂದು ಇನ್ನೊಬ್ಬರ ಹೆಸರನ್ನೂ ಸೇರಿಸುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ. ಇಷ್ಟೆಲ್ಲ ಮಾಡಿದ ಮೇಲೂ ಗಿಟ್ ದಾಖಲೆಯನ್ನು ನೆನಪಿನ ಪುಸ್ತಕದಂತೆ ಬಳಸಿ, ತಕ್ಕಡಿಯಂತೆ ಬಳಸಬೇಡಿ.

ನೆನಪಿನ ಪುಸ್ತಕ ಯಾಕೆ ಬೇಕೆಂದರೆ, ನೆನಪು ನಮ್ಮ ಪಕ್ಷಪಾತಿ. 1979ರಲ್ಲಿ ರಾಸ್ ಮತ್ತು ಸಿಕೋಲಿ ಎಂಬ ಸಂಶೋಧಕರು ಗಂಡ ಹೆಂಡಿರನ್ನು ಬೇರೆ ಬೇರೆಯಾಗಿ ಮನೆಕೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದಾಗ, ಹೆಚ್ಚಿನ ಜೋಡಿಗಳ ಉತ್ತರ ಕೂಡಿದರೆ ನೂರನ್ನು ದಾಟುತ್ತಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಾನು ಮಾಡಿದ್ದು ನೆನಪಿಗೆ ಬೇಗ ಬರುತ್ತದೆ, ಅಷ್ಟೆ. ಆರನೆಯ ವಾರದಲ್ಲಿ ನಿಮ್ಮ ತಂಡದ ಐವರೂ ತಮ್ಮ ತಮ್ಮ ಪಾಲಿನ ಶೇಕಡಾವಾರನ್ನು ಚೀಟಿಯಲ್ಲಿ ಬರೆದು ಕೂಡಿ ನೋಡಿ. ನಗು ಬಂದರೆ ಒಳ್ಳೆಯದು. ನಗುತ್ತಲೇ ಕೆಲವು ಮಾತು ಹೊರಬರುತ್ತವೆ.

ಎಐ ಉಪಕರಣಗಳ ಬಗ್ಗೆಯೂ ಒಂದು ಸಾಲು ಬರೆಯದೆ ಈಗ ಯಾವ ಒಪ್ಪಂದವೂ ಪೂರ್ತಿಯಾಗುವುದಿಲ್ಲ. ನಿಮ್ಮ ಕೋರ್ಸ್‌ನ ನಿಯಮ ಏನೆಂದು ಗೈಡ್ ಅವರನ್ನು ಮೊದಲು ಕೇಳಿ. ಅನುಮತಿಯಿದ್ದರೆ ನನ್ನ ಸೂಚನೆ ಇಷ್ಟೇ: ಯಾರ ಹೆಸರಿನಲ್ಲಿ ಕಮಿಟ್ ಆಗಿದೆಯೋ ಅವರು ಪ್ರತಿ ಸಾಲನ್ನೂ ವಿವರಿಸಬಲ್ಲವರಾಗಿರಬೇಕು. ಅರ್ಧ ಗಂಟೆಯಲ್ಲಿ ಹುಟ್ಟಿದ ಆರುನೂರು ಸಾಲಿನ ಕೋಡನ್ನು ಓದುವ ಹೊರೆಯನ್ನು ಗೆಳೆಯರ ಮೇಲೆ ಹೊರಿಸುವುದೂ ಒಂದು ಬಗೆಯ ಕಳ್ಳಬೀಳುವಿಕೆಯೇ.

ಇಷ್ಟಾದರೂ ಯಾರಾದರೂ ಕೈಕೊಡಬಹುದು. ಆಗ ಗುಂಪಿನಲ್ಲಿ ಚುಚ್ಚುಮಾತು ಬೇಡ, ಒಬ್ಬರೇ ಹೋಗಿ ಕೇಳಿ. ‘ನೀನು ಏನೂ ಮಾಡುತ್ತಿಲ್ಲ’ ಎಂದರೆ ವಾದ ಶುರುವಾಗುತ್ತದೆ. ‘ಹುಡುಕಾಟದ ಭಾಗ 12ನೇ ತಾರೀಕು ಎಂದಿತ್ತು, ಇವತ್ತು 16. ಎಲ್ಲಿ ಸಿಕ್ಕಿಕೊಂಡಿದೆ? ನಾಳೆ ಒಂದು ಗಂಟೆ ಜೊತೆಗೆ ಕೂರೋಣವೇ?’ ಎಂದರೆ ವಾದಿಸಲು ಏನೂ ಉಳಿಯುವುದಿಲ್ಲ. ಉತ್ತರ ಬಾರದಿದ್ದರೆ ಒಪ್ಪಂದದಲ್ಲಿ ಬರೆದ ಮುಂದಿನ ಮೆಟ್ಟಿಲು ಹತ್ತಿ. ಗೈಡ್ ಬಳಿ ಹೋಗುವುದನ್ನು ಚಾಡಿ ಎಂದುಕೊಂಡು ಕೊನೆಯ ವಾರದವರೆಗೆ ತಡೆಹಿಡಿಯುವವರೇ ಹೆಚ್ಚು. ಅಧ್ಯಾಪಕನಾಗಿ ಹೇಳುತ್ತೇನೆ, ಐದನೆಯ ವಾರ ಬಂದರೆ ನಾನು ಹತ್ತು ದಾರಿ ಹುಡುಕಬಲ್ಲೆ: ಕೆಲಸ ಕಡಿತ ಮಾಡಬಹುದು, ಆ ವಿದ್ಯಾರ್ಥಿಯನ್ನು ಕರೆದು ಮಾತನಾಡಬಹುದು, ಅವನಿಗೆ ನಿಜವಾದ ಕಷ್ಟವಿದ್ದರೆ ಸಹಾಯ ಕೊಡಿಸಬಹುದು. ಹದಿಮೂರನೆಯ ವಾರ ಬಂದರೆ ನನ್ನ ಬಳಿ ಇರುವುದು ಅಂಕ ಹಾಕುವ ಪೆನ್ನು ಮಾತ್ರ.

ಅವರು ಬಿಟ್ಟ ಕೆಲಸವನ್ನು ಉಳಿದ ನಾಲ್ವರು ಕೊನೆಗಳಿಗೆಯಲ್ಲಿ ಹಂಚಿಕೊಳ್ಳಬೇಡಿ. ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು, ಹೊಸಬರಿಗೆ ಕೋಡ್ ಅರ್ಥವಾಗಲು ಹಿಡಿಯುವ ಸಮಯ ಅದಕ್ಕೊಂದು ಕಾರಣ. ಆ ಭಾಗದ ಮಟ್ಟಿಗೆ ನೀವು ನಾಲ್ವರೂ ಹೊಸಬರೇ. ಒಂದು ಸೌಲಭ್ಯವನ್ನು ಕೈಬಿಡಿ, ಯಾಕೆ ಕೈಬಿಟ್ಟೆವೆಂದು ವರದಿಯಲ್ಲಿ ಬರೆಯಿರಿ. ನಾಲ್ಕು ಭಾಗ ಸರಿಯಾಗಿ ನಡೆಯುವ ಆ್ಯಪ್‌ಗೆ, ಐದೂ ಕುಂಟುವ ಆ್ಯಪ್‌ಗಿಂತ ನಾನು ಹೆಚ್ಚು ಅಂಕ ಕೊಡುತ್ತೇನೆ.

ಕೊನೆಯದಾಗಿ ಮೊದಲ ವಾರದ ಕೆಲಸ. ಒಪ್ಪಂದ ಬರೆದ ಮರುದಿನವೇ ದೊಡ್ಡ ಭಾಗಗಳಿಗೆ ಕೈ ಹಾಕಬೇಡಿ. ಆ್ಯಪ್‌ನಲ್ಲಿ ‘ನಮ್ಮ ಬಗ್ಗೆ’ ಎಂಬ ಖಾಲಿ ಪುಟವೊಂದನ್ನು ಇಡಿ. ಪ್ರತಿಯೊಬ್ಬರೂ ತಮ್ಮ ಬ್ರಾಂಚ್ ಮಾಡಿಕೊಂಡು, ಅದರಲ್ಲಿ ತಮ್ಮ ಹೆಸರಿನ ಒಂದು ಸಾಲು ಸೇರಿಸಿ, ಇನ್ನೊಬ್ಬರಿಂದ ಓದಿಸಿ, ಶುಕ್ರವಾರದೊಳಗೆ ಮರ್ಜ್ ಮಾಡಬೇಕು. ಐವರೂ ಒಂದೇ ಕಡತ ಮುಟ್ಟುವುದರಿಂದ ಮರ್ಜ್ ಸಂಘರ್ಷ (ಯಾರ ಬದಲಾವಣೆ ಉಳಿಸಬೇಕೆಂದು ಗಿಟ್‌ಗೆ ತಿಳಿಯದ ಸ್ಥಿತಿ) ಬಂದೇ ಬರುತ್ತದೆ. ಬರಲಿ, ಅದನ್ನು ಬಿಡಿಸುವುದನ್ನು ಈಗಲೇ ಕಲಿಯಿರಿ, ಡೆಮೊ ಹಿಂದಿನ ರಾತ್ರಿಯ ಯುದ್ಧಕಾಲೇ ಶಸ್ತ್ರಾಭ್ಯಾಸ ತಪ್ಪುತ್ತದೆ. ಕೆಲಸವೇನೋ ಒಂದು ಸಾಲಿನದು. ಆದರೆ ಯಾರ ಯಂತ್ರದಲ್ಲಿ ಗಿಟ್ ಇಲ್ಲ, ಯಾರು ಕೇಳಲು ಹಿಂಜರಿಯುತ್ತಾರೆ, ಯಾರು ‘ಆಯಿತು’ ಎಂದು ಹೇಳಿ ಸುಮ್ಮನಾಗುತ್ತಾರೆ, ಇನ್ನೊಬ್ಬರ ಸಾಲನ್ನು ನೀವೇ ಹಾಕಿಬಿಡಲು ನಿಮ್ಮ ಕೈ ಎಷ್ಟು ತುರಿಸುತ್ತದೆ ಎಂಬುದೆಲ್ಲ ಶುಕ್ರವಾರ ಸಂಜೆ ಆ ಪುಟ ತೆರೆದಾಗ ಗೊತ್ತಾಗುತ್ತದೆ. ನಾಲ್ಕೇ ಹೆಸರಿದ್ದರೆ, ಐದನೆಯವರಿಗೆ ಅಂದೇ ಫೋನ್ ಮಾಡಿ.